ಅವ್ವ ಮತ್ತು ಟೇಪು ಹಿಡಿದು ಬಂದವರು

ಅರಕಲಗೂಡಿನ ನಮ್ಮ ಮನೆಗೆ ಮಹಡಿ ಕಟ್ಟಲು ಸಾಲ ಕೇಳಿದ್ದೆ. ಮನೆಗೆ ಬೆಲೆ ಕಟ್ಟಲು ಹಾಸನದ ಬ್ಯಾಂಕಿನವರು ಟೇಪು ಹಿಡಿದು ಬಂದರು. ಕಂದಾಯ ಏರಿಸಲು ಬಂದವರೆಂದುಕೊಂಡ ಅವ್ವ, "ಏನ್ ಮನೆ ಸಾ ಇದು, ಮಳೆ ಬಂದ್ರೆ ಒಳ್ಗೂ ಕೊಡೆ ಇಡ್ಕಂಡೇ ಕುಂತ್ಕತೀವಿ" ಎಂದು ಗೋಳಾಡಿದಳು. ಸೋರುವ ಮನೆಗೆ ಸಾಲವಿಲ್ಲವೆಂದು ಅವರು ಟೇಪು ಸುತ್ತಿಕೊಂಡು ಹೋದರು.

ನನಗೆ ಮೈಯೆಲ್ಲ ಉರಿಯಿತು. ಊರಿನ ಸಹಕಾರ ಸಂಘಕ್ಕೆ ಅರ್ಜಿ ಹಾಕಿ, "ಈ ಸಲ ಬರೋರು ಕಂದಾಯದೋರಲ್ಲ ಕಣವ್ವ, ಮನೇನ ಚೆನ್ನಾಗಿ ಒಗಳು" ಎಂದು ಪಾಠ ಹೇಳಿದೆ.

ಸಂಘದ ಕಾರ್ಯದರ್ಶಿ ಬಂದಾಗ ಅವ್ವ ಗೋಡೆ ತಟ್ಟಿ ತೋರಿಸಿದಳು. ತೇಗದ ಬಾಗಿಲನ್ನು ಹೊಗಳಿದಳು. ಕಾಫಿಯನ್ನೂ ಕೊಟ್ಟಳು. ಅವರು ಖುಷಿಯಾಗಿ, "ಸಾಲ ಎಷ್ಟು ಬೇಕಮ್ಮ?" ಎಂದರು.

ಅವ್ವ ಸೆಟೆದು ನಿಂತಳು.

"ಸಾಲವಾ? ನಮ್ ವಂಸದಲ್ಲೇ ಯಾರೂ ಸಾಲ ಮಾಡ್ದೋರಲ್ಲ ಕಣಪ್ಪ!"