ಪೆರ್ಸೋನ ಎಲ್ಲಿಂದ ಬಂತು

ಭುವನೇಶ್ವರಿ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್ಲಿನ ವಯಸ್ಕರ ಶಾಲೆಯೊಂದರಲ್ಲಿ ಸಂಜೆ ಹೊತ್ತು ಲ್ಯಾಟಿನ್ ಕಲಿಸುತ್ತಿದ್ದಳು. ಮೈಸೂರಿನವಳು, ಗಂಡ ಡಾಕ್ಟರು. ಹೊಟ್ಟೆಪಾಡಿಗೆ ಕಲಿಸಬೇಕಾದ ಅಗತ್ಯವಿರಲಿಲ್ಲ. ಬದುಕಿರುವ ಜನಕ್ಕಿಂತ ಸತ್ತ ಭಾಷೆಯ ಮೇಲೆ ಪ್ರೀತಿ ಹೆಚ್ಚು, ಅಷ್ಟೆ. ಆ ವರ್ಷ ಕ್ಲಾಸಿಗೆ ಸೇರಿದವರು ಮೂವರು. ಅವರಲ್ಲೊಬ್ಬ ತೂಕಡಿಸಲು ಬರುತ್ತಿದ್ದ. ಇನ್ನಷ್ಟು ಜನ ಸಿಗದಿದ್ದರೆ ಕ್ಲಾಸು ಮುಚ್ಚಿ, ಕೋಣೆಯನ್ನು ಯೋಗಕ್ಕೆ ಕೊಡುವುದಾಗಿ ಶಾಲೆಯವರು ಹೇಳಿಬಿಟ್ಟರು.

ದಾರಿ ತೋರಿಸಿದವರು ಹತ್ತಿರದ ಊರು ಮಿಲ್ಪಿಟಾಸಿನ ಶ್ರೀಕಂಠ. ಚಿಪ್ ಕಂಪನಿಯಿಂದ ನಿವೃತ್ತರಾದ ಮೇಲೆ ಕನ್ನಡ ಸಂಘದ ಅಧ್ಯಕ್ಷರಾಗಿ, ಜಗತ್ತಿನ ಭಾಷೆಗಳೆಲ್ಲ ಸಂಸ್ಕೃತದ ಮಕ್ಕಳೆಂದು ವಾಟ್ಸಾಪಿನಲ್ಲಿ ದಿನಾ ಬೆಳಿಗ್ಗೆ ಸಾಬೀತು ಮಾಡುತ್ತಿದ್ದರು. ರಾಜ್ಯೋತ್ಸವಕ್ಕೆ ಬಂದು, ಲ್ಯಾಟಿನ್ನಿನ 'ಪೆರ್ಸೋನ', ಅಂದರೆ ನಾಟಕದ ಮುಖವಾಡ, ನಮ್ಮ 'ಪುರುಷ'ದಿಂದ ಹುಟ್ಟಿದ್ದೆಂದು ಹೇಳಿದರೆ ಸಂಘದ ನಿವೃತ್ತರನ್ನೆಲ್ಲ ಕ್ಲಾಸಿಗೆ ಸೇರಿಸುತ್ತೇನೆಂದರು.

"ಒಂದೇ ಒಂದು ಸೆಂಟೆನ್ಸು ಮೇಡಂ. ಯಾರು ಚೆಕ್ ಮಾಡ್ತಾರೆ?"

ರಾಜ್ಯೋತ್ಸವದ ದಿನ ಭುವನೇಶ್ವರಿ ಫ್ರೀವೇ ಉದ್ದಕ್ಕೂ ಆ ಸೆಂಟೆನ್ಸನ್ನು ಬಾಯಲ್ಲಿ ಹೊರಳಿಸಿಕೊಂಡೇ ಬಂದಳು. ಸಂಘದವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೈಕು ಕೈಗಿತ್ತರು. ರೋಮನ್ನರ ನೆರೆಯವರಾದ ಎತ್ರುಸ್ಕನ್ನರ ಗೋರಿಯೊಂದರ ಗೋಡೆಯಲ್ಲಿ, ಮುಖವಾಡ ತೊಟ್ಟವನ ಪಕ್ಕ 'ಫೆರ್ಸು' ಎಂದು ಬರೆದಿದೆ ಎಂದಳು. ಪದ ಅಲ್ಲಿಂದ ಬಂದಿರಬಹುದು ಅನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ ಎಂದಳು. ಮೊದಲ ಸಾಲಿನಲ್ಲಿ ಶ್ರೀಕಂಠ ಕಣ್ಣಲ್ಲೇ ಪುರುಷ, ಪುರುಷ ಅನ್ನುತ್ತಿದ್ದರು.

"ಪುರುಷದಿಂದ ಬಂದಿದ್ದಲ್ಲ. ಎಲ್ಲಿಂದ ಬಂತು ಅಂತ ಖಚಿತವಾಗಿ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ," ಎಂದು ಹೇಳಿ ಕೂತಳು.

ಅಲ್ಲಿಗೆ ಕ್ಲಾಸಿನ ಕತೆ ಮುಗಿಯಿತೆಂದುಕೊಂಡಳು. ಆದರೆ ಯಾರಿಗೂ ಗೊತ್ತಿಲ್ಲದ್ದನ್ನು ಹಾಗೇ ಬಿಟ್ಟು ಊಟಕ್ಕೆ ಏಳುವ ಜನ ಅವರಲ್ಲ. ಮೈಕಿನ ಮುಂದೆ ಸಾಲು ನಿಂತಿತು. ಪ್ರಶ್ನೆ ಅಲ್ಲ, ಸಣ್ಣದೊಂದು ಕಾಮೆಂಟು ಎಂದು ಶುರುಮಾಡಿ ಒಬ್ಬೊಬ್ಬರೂ ಉಪನ್ಯಾಸವನ್ನೇ ಕೊಟ್ಟರು. ಧಾರವಾಡದ ವೀರಣ್ಣ ಶ್ರೀಕಂಠರನ್ನೇ ನೋಡುತ್ತ, "ಸಂಸ್ಕೃತಾನೂ ಅಲ್ರಿ ಅದು. ಅಪ್ಪಟ ನಮ್ಮ ಕಡೀ ಮಾತು," ಅಂದರು. ಪುರಾವೆ ಎಲ್ಲಿ ಎಂದು ಶ್ರೀಕಂಠ ಕೇಳಿದ್ದಕ್ಕೆ, ಲ್ಯಾಟಿನ್ ಕಲಿತೇ ತೋರಿಸುತ್ತೇನೆಂದು ಸವಾಲು ಹಾಕಿದರು. ಶ್ರೀಕಂಠ ಬಿಡುತ್ತಾರೆಯೇ? ಇಬ್ಬರ ಕಡೆಯವರೂ ಎದ್ದು ನಿಂತರು. ಅತ್ತ ಬಿಸಿಬೇಳೆ ಬಾತು ಆರಿ ಗಟ್ಟಿಯಾಯಿತು.

ಮುಂದಿನ ವಾರ ಕ್ಲಾಸಿನಲ್ಲಿ ಕುರ್ಚಿ ಸಾಲಲಿಲ್ಲ. ನಿವೃತ್ತ ಎಂಜಿನಿಯರುಗಳು ಎರಡು ಪಾರ್ಟಿ ಕಟ್ಟಿಕೊಂಡು ಕೋಣೆಯ ಆಚೆ ಬದಿ ಈಚೆ ಬದಿ ಕೂತಿದ್ದರು. ಪುರಾವೆಯ ವಿಚಾರ ಎರಡನೆಯ ವರ್ಷಕ್ಕೆ, ಮೊದಲು ವಿಭಕ್ತಿ ಬಾಯಿಪಾಠ ಮಾಡಿ ಎಂದಳು ಭುವನೇಶ್ವರಿ. ಎಪ್ಪತ್ತು ದಾಟಿದ ಗಂಡಸರು ಎದುರು ಪಾರ್ಟಿಗಿಂತ ಗಟ್ಟಿಯಾಗಿ ಒದರತೊಡಗಿದರು.