ಹುರಳಿ ಹಾಸಿದ ರಸ್ತೆ

ಕಾರು ಕಾಣುವ ಮೊದಲು ಅದರ ಸದ್ದು ಬರುತ್ತಿತ್ತು. ಸದ್ದಿಗೂ ಮೊದಲು ಬೇಲಿಯ ಮೇಲಿನ ಹಕ್ಕಿಗಳು ಎದ್ದು ಹಾರುತ್ತಿದ್ದವು. ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ದಶಕದ ನಡುವಿನವರೆಗೆ, ಚಳಿಗಾಲದಲ್ಲಿ ನಮ್ಮ ಕಡೆ ಹಾದುಹೋಗುತ್ತಿದ್ದ ಮೋಟಾರು ರ‍್ಯಾಲಿಯನ್ನು ನಾನು ಒಂದು ವರ್ಷವೂ ತಪ್ಪಿಸದೆ ರಸ್ತೆ ಬದಿಯಲ್ಲಿ ನಿಂತು ನೋಡಿದ್ದೇನೆ. ಬೆಂಗಳೂರಿನಿಂದ ಹೊರಟು ಮೂರು ಹಗಲು ಮೂರು ರಾತ್ರಿ ಓಡುವ ಪಂದ್ಯ ಅದು. ಯಾರು ಜೋರಾಗಿ ಓಡಿಸುತ್ತಾರೆ ಎನ್ನುವುದಕ್ಕಿಂತ ಯಾರ ಗಾಡಿ, ಯಾರ ಮೈ ಕೊನೆಯವರೆಗೆ ತಾಳುತ್ತದೆ ಎನ್ನುವುದೇ ಅಲ್ಲಿ ಮುಖ್ಯ. ಗಂಗಾವತಿಯ ಭತ್ತದ ಗದ್ದೆಗಳ ನಡುವೆ ಬಂದು, ಕೊಪ್ಪಳ ದಾಟಿ, ಇರಕಲ್ಲಗಡದ ಮೇಲೆ ಕುಷ್ಟಗಿಗೆ, ಅಲ್ಲಿಂದ ಯಲಬುರ್ಗಾಕ್ಕೆ ಹೋಗುತ್ತಿತ್ತು.

ನೋಡಲು ನಿಲ್ಲುವುದಕ್ಕೂ ಒಂದು ತಿಳಿವಳಿಕೆ ಬೇಕಿತ್ತು. ತಿರುವಿನ ಹೊರಮಗ್ಗುಲಿಗೆ ನಿಲ್ಲಬಾರದು, ಜಾರಿದ ಕಾರು ಅತ್ತಲೇ ಬರುತ್ತದೆ. ಒಳಮಗ್ಗುಲಿನ ದಿಬ್ಬ ಒಳ್ಳೆಯದು. ಗಾಳಿ ಬೆನ್ನಿಗೆ ಇರಬೇಕು, ಇಲ್ಲದಿದ್ದರೆ ಮೊದಲ ಕಾರಿನ ಧೂಳಿನಲ್ಲಿ ಎರಡನೆಯದು ಕಾಣುವುದಿಲ್ಲ. ಮೈಗೆಲ್ಲ ಅಂಟಿಸಿದ ನಂಬರು, ಒಡೆದ ಹೆಡ್‌ಲೈಟು, ಎರಡು ರಾತ್ರಿ ನಿದ್ದೆಗೆಟ್ಟ ಮುಖ, ಇವಿಷ್ಟೂ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹೋಗಿಬಿಡುತ್ತಿದ್ದವು. ಆಮೇಲೆ ರಸ್ತೆ ಬರಿದು. ಒಂದು ಕಾರು ಹೋದ ಮೇಲೆ ಇನ್ನೊಂದಕ್ಕೆ ಮೂರು ನಿಮಿಷದ ಅಂತರ. ನನಗೆ ಇಂದಿಗೂ ಹೆಚ್ಚು ನೆನಪಿರುವುದು ಆ ಬರಿದಾದ ರಸ್ತೆ. ಮೂರು ನಿಮಿಷಕ್ಕೆ ಬರಬೇಕಾದದ್ದು ಐದಾದರೂ ಬರದಿದ್ದರೆ ದಿಬ್ಬದ ಮೇಲಿನ ಮಾತು ತಾನಾಗಿಯೇ ನಿಲ್ಲುತ್ತಿತ್ತು.

ಆಗ ನಾನು ಹುಬ್ಬಳ್ಳಿಯಿಂದ ಬರುವ ಪತ್ರಿಕೆಯೊಂದಕ್ಕೆ ಕೊಪ್ಪಳದ ಅರೆಕಾಲಿಕ ವರದಿಗಾರ. ಬರೆದದ್ದನ್ನು ಲಕೋಟೆಗೆ ಹಾಕಿ ಸಂಜೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ನಾನು ಹೇಳಹೊರಟ ವರ್ಷ ರ‍್ಯಾಲಿಗೆ ನಾಲ್ಕು ದಿನ ಮೊದಲು ಐದು ಸಾಲಿನ ಸುದ್ದಿ ಕಳಿಸಿದ್ದೆ. ಇಂಥ ದಿನ ಬೆಳಿಗ್ಗೆ ಎಂಟರಿಂದ ಈ ಮಾರ್ಗದಲ್ಲಿ ಮೂವತ್ತಕ್ಕೂ ಹೆಚ್ಚು ಕಾರುಗಳು ಹಾದುಹೋಗಲಿವೆ, ಸಾರ್ವಜನಿಕರು ದನಕರುಗಳನ್ನು ರಸ್ತೆಗೆ ಬಿಡಬಾರದು. ಅಷ್ಟೇ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಆ ವರ್ಷದ ರ‍್ಯಾಲಿಯಲ್ಲಿ ನನ್ನ ಅಕ್ಕನ ಗಂಡ ಇದ್ದರು. ನಮ್ಮಲ್ಲಿ ಅಕ್ಕನ ಗಂಡನನ್ನು ಮಾಮಾ ಎನ್ನುತ್ತೇವೆ. ಮಾಮಾ ಗಂಗಾವತಿಯ ಅಕ್ಕಿ ಗಿರಣಿಯೊಂದರ ಲಾರಿ ಡ್ರೈವರ್. ಗಿರಣಿ ಸಾಹುಕಾರರ ಮಗ ತನ್ನ ಬಿಳಿ ಕಾರನ್ನು ಪಂದ್ಯಕ್ಕೆ ಇಳಿಸಿ, ನಕಾಶೆ ಹಿಡಿದು ಪಕ್ಕದಲ್ಲಿ ಕೂರುವ ಕೆಲಸ ತಾನು ಇಟ್ಟುಕೊಂಡು, ಓಡಿಸಲು ಮಾಮಾನನ್ನು ಕರೆದಿದ್ದ. ಅವರು ಬೆಂಗಳೂರಿಗೆ ಹೊರಟ ದಿನ ನಾನು ಅಕ್ಕನ ಮನೆಯಲ್ಲಿದ್ದೆ.

“ಲಾರಿ ಮ್ಯಾಲ ವಾರಗಟ್ಲೆ ಮನಿ ಬಿಟ್ಟು ಇರೂದು ಸಾಲಲಿಲ್ಲೇನ್ರಿ ನಿಮಗ?” ಎಂದಳು ಅಕ್ಕ.

“ಸಾಹುಕಾರ್ರು ನನ್ನ ಕೈ ನೋಡ್ಯಾರ. ಒಲ್ಲೆ ಅನ್ನಾಕ ಬರತೈತೇನು?”

“ಕೈ ನೋಡ್ಯಾರ, ನಿದ್ದಿ ನೋಡಿಲ್ಲ. ಉಣ್ಣೂ ಗಂಗಾಳದ ಮುಂದ ಕುಂತಲ್ಲೇ ತೂಕಡಸೋ ಮನುಷ್ಯಾ ಮೂರು ರಾತ್ರಿ ಗಾಡಿ ಹೊಡಿತಾನಂತ.”

ಮಾಮಾ ನನ್ನ ಕಡೆ ತಿರುಗಿ, “ಪೇಪರಪ್ಪಾ, ನನ್ನ ಹೆಸರು ದಪ್ಪ ಅಕ್ಷರದಾಗ ಬರಿ ಮತ್ತ. ನಿಮ್ಮಕ್ಕಗ ಸಣ್ಣವು ಕಾಣೂದಿಲ್ಲ” ಎಂದು ನಗುತ್ತ ಹೋದರು. ಅಕ್ಕ ನಗಲಿಲ್ಲ. ಎರಡು ದಿನ ಅವಳು ಸರಿಯಾಗಿ ಉಂಡಿರಲಿಲ್ಲ. ಕಾರುಗಳು ನಮ್ಮ ಕಡೆ ಬರುವ ಹಿಂದಿನ ಸಂಜೆ ಬಸ್ ಹತ್ತಿ ಕೊಪ್ಪಳಕ್ಕೆ ಬಂದು, ತಾನೂ ರಸ್ತೆ ಬದಿಗೆ ನಿಂತು ನೋಡುವುದಾಗಿ ಹಟ ಹಿಡಿದಳು. ಹೊರಡುವ ಸರದಿಗೆ ಚೀಟಿ ಎತ್ತಿದಾಗ ಮಾಮಾನ ಕಾರಿಗೆ ಮೂರನೇ ನಂಬರು ಬಂದಿದೆ ಎಂಬುದು ನನಗೆ ಗೊತ್ತಾಗಿತ್ತು.

ಬೆಳಿಗ್ಗೆ ಏಳರ ಸುಮಾರಿಗೆ ಕೊಪ್ಪಳ ಬಿಟ್ಟು, ಗೆಳೆಯನಿಂದ ಕೇಳಿ ತಂದ ಮೋಟಾರ್ ಸೈಕಲ್ ಮೇಲೆ ನಾನೂ ಅಕ್ಕನೂ ಇರಕಲ್ಲಗಡ ದಾಟಿ ಹೋದೆವು. ಅಲ್ಲಿಂದ ಸ್ವಲ್ಪ ಮುಂದೆ, ಒಂದು ಸಣ್ಣ ಹಳ್ಳಿಯ ಹತ್ತಿರ, ರಸ್ತೆ ಏರು ಹತ್ತಿ ತಿರುಗಿ ಇಳಿಯುತ್ತದೆ. ಪ್ರತಿ ವರ್ಷ ನಾನು ನಿಲ್ಲುವುದು ಅಲ್ಲಿಯೇ. ತಿರುವು ದಾಟಿದ ಕೂಡಲೇ ಬ್ರೇಕ್ ಹಾಕಿದೆ. ಇಳಿಜಾರಿನ ತುಂಬ, ಒಂದು ಫರ್ಲಾಂಗಿನಷ್ಟು ಉದ್ದ, ಡಾಂಬರು ಕಾಣದ ಹಾಗೆ ಒಣಗಿದ ಹುರಳಿ ಬಳ್ಳಿ ಹಾಸಿತ್ತು.

ನಮ್ಮ ಕಡೆಯ ರೈತರಿಗೆ ಇದು ಹೊಸದಲ್ಲ. ಕಿತ್ತು ತಂದ ಹುರಳಿಯನ್ನು ಡಾಂಬರು ರಸ್ತೆಗೆ ಹಾಸಿದರೆ ಬಸ್ಸು ಲಾರಿಗಳ ಗಾಲಿ ತುಳಿದು ಕಾಳು ಬಿಡಿಸುತ್ತವೆ. ಆದರೆ ಆ ರಸ್ತೆಯಲ್ಲಿ ದಿನಕ್ಕೆ ಓಡಾಡುತ್ತಿದ್ದದ್ದು ಎರಡು ಮೂರು ಬಸ್ಸು, ಅಪರೂಪಕ್ಕೊಂದು ಲಾರಿ. ಒಂದು ಹಾಸು ಮುಗಿಯಲು ಎರಡು ದಿನ ಬೇಕು. ಅಂಥ ರಸ್ತೆಗೆ ಒಂದೇ ಬೆಳಿಗ್ಗೆ ಮೂವತ್ತು ಕಾರು ಬರುತ್ತವೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಹೋಟೆಲಿನಲ್ಲಿ ಯಾರೋ ಗಟ್ಟಿಯಾಗಿ ಓದಿದ್ದರು. ಊರಿಗೆ ಊರೇ ನಸುಕಿನಲ್ಲಿ ಚಕ್ಕಡಿ ಹೂಡಿತ್ತು. ಹುಟ್ಟಿದಾಗಿನಿಂದ ಈ ರೂಢಿಯನ್ನು ನೋಡಿದ್ದ ನಾನು ದನ ಕಟ್ಟಿರಿ ಎಂದು ಬರೆದಿದ್ದೆ, ಬೆಳೆ ಹಾಸಬೇಡಿರಿ ಎಂದು ಬರೆದಿರಲಿಲ್ಲ.

ಹಾಸಿನ ಆಚೆ ತುದಿಯಲ್ಲಿ ರ‍್ಯಾಲಿಯವರ ಜೀಪು ನಿಂತಿತ್ತು. ಕಾರುಗಳಿಗಿಂತ ಮುಂಚೆ ರಸ್ತೆ ನೋಡಿಕೊಂಡು ಹೋಗುವ ಜೀಪು ಅದು. ಅದರ ಚಾಲಕ ಅಡಿಯಲ್ಲಿ ಮಲಗಿ ಬಳ್ಳಿ ಕತ್ತರಿಸುತ್ತಿದ್ದ. ಗಾಲಿಗಳ ನಡುವಿನ ಶಾಫ್ಟಿಗೆ ಹುರಳಿ ಬಳ್ಳಿ ಹಗ್ಗದಂತೆ ಸುತ್ತಿಕೊಂಡು, ಸೈಲೆನ್ಸರಿನ ಕಾವಿಗೆ ಹೊಗೆಯಾಡುತ್ತಿತ್ತು. ತಾನು ನಿಧಾನವಾಗಿ ಬಂದದ್ದಕ್ಕೇ ಈ ಗತಿ, ತಿರುವಿನಿಂದ ಜೋರಾಗಿ ಇಳಿಯುವ ಕಾರು ಇದರ ಮೇಲೆ ನಿಲ್ಲುವುದೇ ಇಲ್ಲ, ಇನ್ನು ಇಪ್ಪತ್ತು ನಿಮಿಷ ಮಾತ್ರ ಇದೆ ಎಂದು ಅವನು ಅರ್ಧ ಹಿಂದಿಯಲ್ಲಿ ಹೇಳಿದ. ಅಕ್ಕನಿಗೆ ಹಿಂದಿ ಬರುತ್ತಿರಲಿಲ್ಲ. ಹೊಗೆ ನೋಡಿದಳು, ತಿರುವು ನೋಡಿದಳು, ಅವಳಿಗೆ ತಿಳಿಯಿತು.

ನಾನು ಊರವರ ಹತ್ತಿರ ಹೋಗಿ ಹುರಳಿ ಬಳಿದು ಬದಿಗೆ ಸರಿಸಲು ಕೇಳಿಕೊಂಡೆ. ಹೋಟೆಲಿನವನು ನನ್ನ ಗುರುತು ಹಿಡಿದು, ಪತ್ರಿಕೆಯವನು ಇವನೇ ಎಂದ. ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದ ಒಬ್ಬ ಮುದುಕಿ ನನ್ನ ಎದುರಿಗೇ ಬಂದಳು.

“ಗಾಡಿ ಬರ್ತಾವು ಅಂತ ಬರದಾವ ನೀನ, ಬಳೀರಿ ಅನ್ನಾವ ನೀನ. ಯಾವುದರ ಒಂದು ಮಾತು ಹಿಡಿಯೋ ನಮ್ಮಪ್ಪಾ.”

“ಕಾರು ಜಾರ್ತಾವಬೇ, ಜೋರು ಬರ್ತಾವು.”

“ಜೋರು ಬಂದ್ರ ಛಲೋ ಆತಲ್ಲ, ಲಗೂನ ಕಾಳು ಬೀಳ್ತಾವು!”

ಸುತ್ತಲಿನವರು ನಕ್ಕರು. ನಾನು ಗಡಿಯಾರ ನೋಡಿದೆ. ಹದಿನೈದು ನಿಮಿಷ ಉಳಿದಿತ್ತು. ಆಗ ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ಮುದುಕಿಯ ಕೈ ಹಿಡಿದುಕೊಂಡಳು.

“ಯವ್ವಾ, ಮೂರನೇ ಗಾಡಿ ನನ್ನ ಗಂಡಂದು.”

ಮುದುಕಿ ಅವಳ ಮುಖ ನೋಡಿದಳು. “ಖರೇನ?”

“ಖರೇನಬೇ. ಎರಡು ರಾತ್ರಿ ಆತು, ಮಲಗಿಲ್ಲ.”

ಮುದುಕಿ ಹಿಂದಕ್ಕೆ ತಿರುಗಿ, “ಏಯ್, ಹಲ್ಲ ಕಿಸ್ಕೊಂತ ನಿಂತೀರೇನು? ಬಳೀರಿ!” ಎಂದು ಕೂಗಿದಳು. ಹತ್ತಿಪ್ಪತ್ತು ಜನ ಕವಲುಗೋಲು ಹಿಡಿದು, ಇಲ್ಲದವರು ಕೈಯಲ್ಲೇ ತಬ್ಬಿ, ಬಳ್ಳಿಯನ್ನು ರಸ್ತೆಯ ಬದಿಗೆ ಎಳೆಯತೊಡಗಿದರು. ಅಕ್ಕನೂ ಎಳೆದಳು. ಆದರೆ ಹುರಳಿ ಬಳ್ಳಿ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಒಂದು ಹಿಡಿ ಎಳೆದರೆ ಮಾರುದ್ದ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಅರ್ಧವೂ ಮುಗಿದಿರಲಿಲ್ಲ, ಹಕ್ಕಿಗಳು ಎದ್ದವು.

ನಾನು ತಿರುವಿನ ಈಚೆಗೆ, ಕಾರು ಬರುವ ದಿಕ್ಕಿಗೆ ಓಡಿ, ರಸ್ತೆಯ ಅಂಚಿನಲ್ಲಿ ನಿಂತು ಟವೆಲ್ ಬೀಸಿದೆ. ಒಂದನೇ ನಂಬರಿನ ಕಾರು ಕಂಡಿತು. ಜೋರಾಗಿ ಬೀಸಿದೆ. ಚಾಲಕ ನನ್ನನ್ನು ನೋಡಿದ. ಕೈ ಎತ್ತಿ, ಹಾರ್ನ್ ಬಾರಿಸಿ, ಇನ್ನಷ್ಟು ವೇಗ ಹೆಚ್ಚಿಸಿ ಹೋದ. ದಾರಿಯುದ್ದಕ್ಕೂ ಜನ ಹೀಗೆಯೇ ಟವೆಲ್ ಬೀಸಿ ಅವನನ್ನು ಹುರಿದುಂಬಿಸಿದ್ದರು, ನಾನೂ ಅವರಲ್ಲೊಬ್ಬನೆಂದು ತಿಳಿದ. ತಿರುವಿನ ಆಚೆ ಟೈರುಗಳು ಚೀರಿದ್ದು ಕೇಳಿಸಿತು, ಜನ ಕೂಗಿದ್ದು ಕೇಳಿಸಿತು. ಆಮೇಲೆ ಎಂಜಿನ್ನಿನ ಸದ್ದು ದೂರವಾಯಿತು. ಹೇಗೋ ಪಾರಾಗಿದ್ದ.

ಅಕ್ಕ ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂದಳು.

“ಟವೆಲ್ ಬೀಸಿದ್ರ ಯಾರು ನಿಲ್ತಾರೋ ತಮ್ಮಾ? ಟೊಂಗಿ ಇಡು, ಟೊಂಗಿ!”

ನನಗೆ ಹೊಳೆಯದೇ ಇದ್ದದ್ದು ಲಾರಿ ಡ್ರೈವರನ ಹೆಂಡತಿಗೆ ಹೊಳೆದಿತ್ತು. ಲಾರಿ ಕೆಟ್ಟು ನಿಂತರೆ ಅದರ ಹಿಂದೆ ರಸ್ತೆಯ ಮೇಲೆ ಹಸಿರು ಟೊಂಗೆ ಇಡುತ್ತಾರೆ. ಟೊಂಗೆ ಕಂಡರೆ ಮುಂದೆ ಏನೋ ಅಡ್ಡ ಇದೆ ಎಂದು ಹಿಂದಿನ ಲಾರಿಯವರು ಬ್ರೇಕ್ ತುಳಿಯುತ್ತಾರೆ. ಇಬ್ಬರೂ ಬೇವಿನ ಗಿಡಕ್ಕೆ ಜೋತುಬಿದ್ದು ಟೊಂಗೆ ಮುರಿದೆವು. ನಾಲ್ಕು ಟೊಂಗೆ ಇಟ್ಟಿದ್ದೆವು, ಎರಡನೇ ಕಾರು ಬಂತು. ಅದರ ಚಾಲಕ ಟೊಂಗೆಗಳನ್ನು ತುಸು ಬಳಸಿಕೊಂಡು ಅದೇ ವೇಗದಲ್ಲಿ ಹೋದ. ಈ ಸಲ ಆಚೆಯಿಂದ ಎಂಜಿನ್ನಿನ ಸದ್ದು ದೂರವಾಗಲಿಲ್ಲ, ಫಕ್ಕನೆ ನಿಂತಿತು. ಇಳಿದು ನೋಡಿದೆ. ಕಾರು ರಸ್ತೆ ಬಿಟ್ಟು ಹೊಲದಲ್ಲಿ ಅಡ್ಡಲಾಗಿ ನಿಂತಿತ್ತು. ಅದರಲ್ಲಿದ್ದ ಇಬ್ಬರೂ ಹೊರಗೆ ಬಂದು ತಮ್ಮ ಕೈಕಾಲು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಪೆಟ್ಟಾಗಿರಲಿಲ್ಲ.

ಮುಂದಿನ ಮೂರು ನಿಮಿಷ ನಾನು ಗಡಿಯಾರ ನೋಡಲಿಲ್ಲ. ಅಕ್ಕ ಟೊಂಗೆ ಮುರಿದು ಮುರಿದು ಹಾಕುತ್ತಲೇ ಇದ್ದಳು. ರಸ್ತೆಯ ಆ ಅಂಚಿನಿಂದ ಈ ಅಂಚಿನವರೆಗೆ ಹಸಿರಾಯಿತು. ಬಿಳಿ ಕಾರು ಏರು ಹತ್ತಿತು. ಟೊಂಗೆ ಕಾಣುವಷ್ಟು ದೂರಕ್ಕೆ ಬಂದದ್ದೇ ತಡ ಅದರ ಮೂಗು ಕೆಳಗೆ ಬಾಗಿತು, ಟೈರು ಉಜ್ಜುತ್ತ ಬಂದು ಟೊಂಗೆಗೆ ಒಂದು ಮಾರು ಈಚೆ ನಿಂತಿತು.

ಸಾಹುಕಾರರ ಮಗ, “ಯಾಕ ನಿಂತಿ? ಹೊಡಿ, ಹೊಡಿ! ಟೈಮು!” ಎಂದು ಕೂಗುತ್ತಿದ್ದ. ಮಾಮಾ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಕಣ್ಣು ಕೆಂಡದಂತಿದ್ದವು.

“ಪೇಪರಪ್ಪಾ, ಮುಂದೇನೈತಿ?”

“ಹುರಳಿ ಹಾಸ್ಯಾರ್ರಿ ಮಾಮಾ. ಇಳಿಜಾರು ಪೂರಾ.”

ಅವರು ತಲೆಯಾಡಿಸಿ, ನಾನು ಟೊಂಗೆ ಸರಿಸಿದ ಜಾಗದಲ್ಲಿ ಮೊದಲ ಗೇರಿನಲ್ಲಿ ನುಸುಳಿ ಹೋದರು. ಬೇವಿನ ಗಿಡದ ಹಿಂದಿದ್ದ ಅಕ್ಕನನ್ನು ನೋಡಲೇ ಇಲ್ಲ. ನಾಲ್ಕನೇ ಕಾರು ಬರುವಷ್ಟರಲ್ಲಿ ಜೀಪಿನ ಚಾಲಕ ಕೆಂಪು ನಿಶಾನೆ ಹಿಡಿದು ಮೇಲೆ ಬಂದಿದ್ದ, ಊರವರು ಉಳಿದದ್ದನ್ನು ಬಳಿದಿದ್ದರು.

ನಾವು ಒಳದಾರಿ ಹಿಡಿದು ಕುಷ್ಟಗಿಗೆ ಹೋದೆವು. ಪ್ರತಿ ಕಾರೂ ನಿಂತು ತನ್ನ ಹೊತ್ತು ಬರೆಸಬೇಕಾದ ಮೇಜು ಅಲ್ಲಿತ್ತು. ಮಾಮಾ ಕಾರಿನ ಅಡಿಯಿಂದ ಹೊರಬರುತ್ತಿದ್ದರು. ಕೈಯಲ್ಲಿ ಯಾರದೋ ಕುಡುಗೋಲು, ತಲೆಯ ತುಂಬ ಹುರಳಿ ಹೊಟ್ಟು. ಅಕ್ಕನನ್ನು ಕಂಡು ಗಾಬರಿಯಾಗಿ, “ನೀ ಯಾಕ ಬಂದಿ?” ಎಂದರು.

“ಟೊಂಗಿ ಮುರಿಯಾಕ,” ಎಂದಳು ಅಕ್ಕ.

ಅದಕ್ಕಿಂತ ಹೆಚ್ಚು ಮಾತಿಗೆ ಹೊತ್ತಿರಲಿಲ್ಲ. ಕಾರು ಯಲಬುರ್ಗಾದ ಕಡೆ ಹೊರಟಿತು. ಧೂಳು ಇಳಿಯುವವರೆಗೂ ಅಕ್ಕ ಅತ್ತಲೇ ನೋಡುತ್ತಿದ್ದಳು. ಆಮೇಲೆ ಕೇಳಿದಳು:

“ತಮ್ಮಾ, ಯಲಬುರ್ಗಾಕ್ಕೂ ನಿಮ್ಮ ಪೇಪರ್ ಹೋಗತೈತೇನು?”

ಹೋಗುತ್ತಿತ್ತು. ಅದೇ ಐದು ಸಾಲು ಅಲ್ಲಿಗೂ ಹೋಗಿತ್ತು. ನಾನು ಅಂಚೆ ಕಚೇರಿಗೆ ಓಡಿ ಯಲಬುರ್ಗಾಕ್ಕೆ ಟ್ರಂಕ್ ಕಾಲ್ ಹಚ್ಚಲು ಹೇಳಿದೆ. ಅರ್ಜೆಂಟ್ ಎಂದೆ. ಆದರೂ ಮುಕ್ಕಾಲು ತಾಸು ಕಾಯಬೇಕಾಯಿತು. ಅಕ್ಕ ಬೆಂಚಿದ್ದರೂ ಕೂರದೆ ಕೌಂಟರಿನ ಕಂಬಿ ಹಿಡಿದು ನಿಂತಿದ್ದಳು. ಲೈನು ಸಿಕ್ಕಾಗ ಆಚೆಯಿಂದ ಪೋಸ್ಟ್ ಮಾಸ್ತರರ ದನಿ ಬಾವಿಯೊಳಗಿಂದ ಬಂದಂತೆ ಬರುತ್ತಿತ್ತು. ನಿಮ್ಮ ರಸ್ತೆಗೂ ಹುರಳಿ ಹಾಸಿದ್ದಾರೇನು ಎಂದು ಕೂಗಿ ಕೇಳಿದೆ.

“ಹೌದ್ರಿ, ಹಾಸ್ಯಾರಂತ! ನಮ್ಮ ಟಪಾಲಿನಾಂವ ಈಗ ಆ ಹಾದಿಲೆ ಸೈಕಲ್ ಮ್ಯಾಲ ಬಂದಾನ.”

“ಮೂರನೇ ನಂಬರಿನ ಬಿಳಿ ಕಾರು ಏನಾತಂತ ಕೇಳ್ರಿ!”

“ತಡೀರಿ, ಕೇಳ್ತೀನಿ.”

ಲೈನಿನಲ್ಲಿ ಬರೀ ಗರಗರ ಸದ್ದು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಮುಖದಲ್ಲಿ ಏನನ್ನೂ ತೋರಿಸದಿರಲು ಪ್ರಯತ್ನಿಸಿದೆ. ಮಾಸ್ತರರು ಮರಳಿ ಬಂದಾಗ ನಗುತ್ತಿದ್ದರು.

“ಆ ಡ್ರೈವರ ಹುರಳಿ ಕಂಡ ಕೂಡ್ಲೆ ಗಾಡಿ ನಿಂದ್ರಿಸಿ, ಇಳದು, ತಾನ ಬಳ್ಯಾಕ ನಿಂತಾನಂತ್ರಿ! ಸಂಗಡ ಇದ್ದಾಂವ ಹೊಯ್ಕೊಳ್ಳಾಕ್ಹತ್ಯಾನಂತ. ಮಂದಿ ನಿಂತು ನಗಾಕ್ಹತ್ಯಾರಂತ!”

ನಾನು ಫೋನ್ ಇಟ್ಟು, ಕೇಳಿದ್ದನ್ನು ಕೇಳಿದ ಹಾಗೆಯೇ ಅಕ್ಕನಿಗೆ ಹೇಳಿದೆ. ಅವಳು ಕಂಬಿ ಬಿಟ್ಟು ಬೆಂಚಿನ ಮೇಲೆ ಕುಳಿತಳು. ಸೆರಗಿನಿಂದ ಮುಖ ಒರೆಸಿಕೊಂಡಳು.

“ಮನ್ಯಾಗ ಒಂದು ದಿನ ಕಸಬರಗಿ ಮುಟ್ಟಿದವರಲ್ಲ,” ಎಂದಳು.