ನಾಲ್ಕನೇ ಸಾಲಿನ ಹನ್ನೊಂದೂವರೆ ಮೀಟರು

ಬೀಳ್ಕೊಡುಗೆಯ ದಿನ ನಮ್ಮ ಹೆಡ್‌ಮಾಸ್ಟರು ಡ್ರಿಲ್ ಮೇಷ್ಟ್ರ ಬಗ್ಗೆ ಮೂರು ಮಾತು ಓದಿದರು: ಶಿಸ್ತಿನ ಸಿಪಾಯಿ, ಮೃದುಭಾಷಿ, ಎಲ್ಲರೊಂದಿಗೂ ಹೊಂದಿಕೊಂಡು ಹೋಗುವವರು. ಮೂರಕ್ಕೆ ಮೂರೂ ಸುಳ್ಳು. ಆ ಮನುಷ್ಯ ಸ್ಟಾಫ್ ಮೀಟಿಂಗಿಗೆ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವರಲ್ಲ. ಬಾಯಿ ತೆರೆದರೆ ಎರಡು ಬೀದಿಯಾಚೆಗೂ ಕೇಳಿಸುತ್ತಿತ್ತು. ಹೊಂದಿಕೊಂಡು ಹೋಗುವ ಮಾತಂತೂ ಬಿಡಿ, ನನ್ನ ಜೊತೆಗೇ ಇಪ್ಪತ್ತೆರಡು ವರ್ಷ ಜಗಳ ಆಡಿದ್ದಾರೆ. ನಾನು ಅದೇ ಶಾಲೆಯ ಲೆಕ್ಕದ ಟೀಚರು. ಅವರ ಬಗ್ಗೆ ಯಾರಾದರೂ ನೆಟ್ಟಗೆ ಬರೆಯಬೇಕು ಅಂತಿದ್ದರೆ ಜಗಳ ಆಡಿದವರೇ ಬರೆಯಬೇಕು.

ಮೈದಾನಕ್ಕೆ ಮಾತ್ರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದರು. ತಳಕ್ಕೆ ತೂತು ಹೊಡೆದ ಡಬ್ಬದಲ್ಲಿ ಸುಣ್ಣದ ಪುಡಿ ತುಂಬಿಕೊಂಡು, ಒಂದು ಮಂಡಿ ನೋವಿದ್ದರೂ ಬಗ್ಗಿ ಬಗ್ಗಿ ಓಟದ ಗೆರೆ ಹಾಕುತ್ತಿದ್ದರು. ಅಳತೆಗೆ ಅಲ್ಲಲ್ಲಿ ಗಂಟು ಹಾಕಿದ ಅವರದೇ ಒಂದು ಹಗ್ಗ. ಅದನ್ನು ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ. ಮಕ್ಕಳು ಬೆನ್ನ ಹಿಂದೆ ‘ಹಗ್ಗದ ಮೇಷ್ಟ್ರು’ ಅನ್ನುತ್ತಿದ್ದರು. ಗೆದ್ದವರಿಗೆ ಶಭಾಷ್ ಅಂದದ್ದನ್ನು ನಾನಂತೂ ಕೇಳಿಲ್ಲ. ಸೋತವರನ್ನು ಮಾತ್ರ ಕರೆದು, “ನಾಳೆ ಬರ್ತೀಯೋ ಇಲ್ವೋ? ಅಷ್ಟು ಹೇಳು” ಅನ್ನುತ್ತಿದ್ದರು. ಮಕ್ಕಳು ಬರುತ್ತಿದ್ದರು. ಅದೇನು ಮೋಡಿಯೋ ನನಗೆ ಅರ್ಥವಾಗುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಹೆಡ್‌ಮಾಸ್ಟರು ಎಲ್ಲೋ ತರಬೇತಿಗೆ ಹೋಗಿ ‘ಉತ್ತೇಜನ’ ಅನ್ನುವ ಪದವನ್ನು ಹೊತ್ತುಕೊಂಡು ಬಂದರು. “ಮಕ್ಕಳಿಗೆ ಆಸೆ ತೋರಿಸ್ಬೇಕು ಮೇಡಂ. ಆಸೆ ಇಲ್ದೆ ಯಾರೂ ಕೈಕಾಲು ಆಡಿಸಲ್ಲ” ಅಂದರು. ತರಗತಿಯಲ್ಲಿ ನಕ್ಷತ್ರ ಅಂಟಿಸಿದ್ದಾಯಿತು. ಆಮೇಲೆ ಅವರ ಕಣ್ಣು ಮೈದಾನದ ಮೇಲೆ ಬಿತ್ತು. ಓಟದ ಸುತ್ತಿನಲ್ಲಿ ಒಂದರ ಪಕ್ಕ ಒಂದು ನಾಲ್ಕು ಸಾಲು. ಯಾರಿಗೆ ಯಾವ ಸಾಲು ಅಂತ ಅಲ್ಲಿಯವರೆಗೆ ಚೀಟಿ ಎತ್ತುತ್ತಿದ್ದರು. ಇನ್ನು ಮುಂದೆ ಮಾರ್ಕ್ಸ್ ನೋಡಿ ಸಾಲು ಕೊಡಬೇಕು, ಜಾಸ್ತಿ ತೆಗೆದವರಿಗೆ ಒಳಗಿನ ಮೊದಲನೇ ಸಾಲು, ಕಡಿಮೆಯವರಿಗೆ ಹೊರಗಿನ ನಾಲ್ಕನೆಯದು. ಮರ್ಯಾದೆಯ ಪ್ರಶ್ನೆಯಾದರೆ ತಾವೇ ಓದುತ್ತಾರೆ ಅನ್ನುವುದು ಅವರ ಲೆಕ್ಕಾಚಾರ.

“ಕಾಲಿಗೂ ಮಾರ್ಕ್ಸ್ ಕಾರ್ಡಿಗೂ ಏನ್ರೀ ಸಂಬಂಧ?” ಅಂತ ಮೇಷ್ಟ್ರು ಕೂಗಾಡಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೈ ಎತ್ತಿ ಹೆಡ್‌ಮಾಸ್ಟರ ಪರ ನಿಂತವರಲ್ಲಿ ನಾನೂ ಒಬ್ಬಳು. ಮುಚ್ಚಿಡುವುದೇನಿದೆ, ಲೆಕ್ಕಕ್ಕೆ ಮೈದಾನದಲ್ಲೂ ಬೆಲೆ ಬಂತಲ್ಲ ಅಂತ ಒಳಗೊಳಗೇ ಹಿಗ್ಗಿದ್ದೆ.

ಮೂರು ವರ್ಷವೂ ಹೆಚ್ಚುಕಡಿಮೆ ಮೊದಲನೇ ಸಾಲಿನವರೇ ಗೆದ್ದರು. ಹೆಡ್‌ಮಾಸ್ಟರು ಅದನ್ನು ದೊಡ್ಡ ಚಾರ್ಟ್ ಮಾಡಿಸಿ ಆಫೀಸಿನ ಮುಂದೆ ತೂಗುಹಾಕಿದರು: ‘ಓದಿನಲ್ಲಿ ಮುಂದಿರುವವರು ಆಟದಲ್ಲೂ ಮುಂದೆ.’ ಈ ವರ್ಷ ಆ ಚಾರ್ಟ್ ತೋರಿಸಿಯೇ ಹೊಸ ಆದೇಶ ಹೊರಡಿಸಿದರು. ಅರ್ಧವಾರ್ಷಿಕದಲ್ಲಿ ಲೆಕ್ಕ ಫೇಲಾದ ಇಪ್ಪತ್ತಮೂರು ಮಕ್ಕಳಿಗೆ ಆಟದ ಪೀರಿಯಡ್ ಇಲ್ಲ. ಆ ಹೊತ್ತಿನಲ್ಲಿ ನನ್ನ ಕ್ಲಾಸಲ್ಲಿ ಕೂರಬೇಕು.

“ಹೇಗಿದ್ರೂ ಓಟದಲ್ಲೂ ಹಿಂದೇನೇ. ಕಳ್ಕೊಳ್ಳೋಕೆ ಅವರ ಹತ್ರ ಏನಿದೆ?” ಅಂದರು.

ಆ ಇಪ್ಪತ್ತಮೂರರಲ್ಲಿ ಒಬ್ಬಳು, ಎಲ್ಲರೂ ಕುಳ್ಳಿ ಅನ್ನುತ್ತಿದ್ದ ಹುಡುಗಿ. ಒಂಬತ್ತನೇ ತರಗತಿ, ಲೆಕ್ಕದಲ್ಲಿ ಹನ್ನೊಂದು ಮಾರ್ಕ್ಸು. ಮಾರನೇ ದಿನವೇ ಅವಳ ತಾಯಿ ಬಂದರು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು, ಕೆಲಸದ ನಡುವೆ ಓಡಿಬಂದಿದ್ದರು.

“ಆಟ ಇಲ್ಲ ಅಂದ್ರೆ ಶಾಲೆ ಬಿಡ್ತೀನಿ ಅಂತಾಳೆ ಮೇಡಂ. ಲಾಂಡ್ರಿಯಲ್ಲಿ ಬರೋ ತಿಂಗಳಿಂದ ಒಬ್ರು ಬೇಕಂತೆ, ನಾನೇ ಬರ್ತೀನಿ ಅಂತ ಅವರಿಗೆ ಹೇಳಿಯೂ ಬಂದಿದ್ದಾಳೆ. ಆ ಹಬೆ ಮುಂದೆ ನಾನು ಬೆಂದಿದ್ದು ಸಾಲ್ದಾ? ನೀವಾದ್ರೂ ಒಂದು ಮಾತು ಹೇಳಿ.”

ಒಂದು ಮಾತು ಹೇಳಲು ಕುಳ್ಳಿಯನ್ನು ಕರೆದೆ. “ಮೂರು ವರ್ಷದಿಂದ ಕೊನೇಲಿ ಬರ್ತಿದ್ದೀಯ. ಒಂದು ಪೆನ್ಸಿಲ್ ಕೂಡ ಬಹುಮಾನ ಸಿಕ್ಕಿಲ್ಲ. ಯಾಕೆ ಓಡ್ತೀಯ?”

“ಓಡ್ಬೇಕು ಅನ್ಸತ್ತೆ, ಓಡ್ತೀನಿ.”

“ಅಷ್ಟೇನಾ?”

“ಮತ್ತೇನಿರ್ಬೇಕು ಟೀಚರ್?”

ನನಗೆ ಮೈಯೆಲ್ಲ ಉರಿಯಿತು. ಲೆಕ್ಕವನ್ನು ಹೀಗೆ ‘ಮಾಡ್ಬೇಕು ಅನ್ಸತ್ತೆ’ ಅಂತ ಇಪ್ಪತ್ತೆರಡು ವರ್ಷದಲ್ಲಿ ಒಂದು ಮಗುವೂ ನನಗೆ ಹೇಳಿರಲಿಲ್ಲ. ಹೊಟ್ಟೆಕಿಚ್ಚು ಅಂತಲೇ ಇಟ್ಟುಕೊಳ್ಳಿ.

ಮೊದಲ ದಿನದ ಕ್ಲಾಸಿಗೆ ವೃತ್ತದ ಸುತ್ತಳತೆ ಎತ್ತಿಕೊಂಡೆ. ಇಪ್ಪತ್ತಮೂರು ಮುಖಗಳೂ ಗಂಟು. ಕಿಟಕಿಯಾಚೆ ಮೈದಾನ ಕಾಣುತ್ತಿತ್ತು. ಸರಿ, ಅದನ್ನೇ ಉದಾಹರಣೆ ಮಾಡೋಣ ಅಂತ ಬೋರ್ಡಿನ ಮೇಲೆ ಓಟದ ಸಾಲುಗಳನ್ನು ಬರೆದೆ. ಹೊರಗಿನ ಸಾಲು ತಿರುವಿನಲ್ಲಿ ಉದ್ದವಾಗುತ್ತದೆ, ಅದಕ್ಕೇ ಹೊರಗಿನವರನ್ನು ಮುಂದೆ ನಿಲ್ಲಿಸಿ ಓಟ ಬಿಡುತ್ತಾರೆ. ಒಂದು ತಿರುವಿಗೆ ಎಷ್ಟು ಮುಂದೆ ನಿಲ್ಲಿಸಬೇಕು ಅಂತ ಲೆಕ್ಕ ಮಾಡಿ ತೋರಿಸಿದೆ. ನಾಲ್ಕನೇ ಸಾಲಿಗೆ ಹನ್ನೊಂದೂವರೆ ಮೀಟರು ಬಂತು.

ಕುಳ್ಳಿ ಎದ್ದು ನಿಂತಳು. “ನಮ್ಮ ಮೈದಾನದಲ್ಲಿ ಒಂದು ಓಟಕ್ಕೆ ಎರಡು ತಿರುವು ಬರತ್ತಲ್ವಾ ಟೀಚರ್? ಹಂಗಾದ್ರೆ ಇಪ್ಪತ್ತಮೂರು ಮೀಟರ್ ಬಿಡ್ಬೇಕು. ಮೇಷ್ಟ್ರು ಹನ್ನೊಂದೂವರೆನೇ ಬಿಡ್ತಾರೆ.”

“ನಿಂಗೆ ಯಾರು ಹೇಳಿದ್ದು?”

“ನಾನೇ ಹೆಜ್ಜೆ ಹಾಕಿ ನೋಡಿದ್ದೀನಿ.”

“ಹನ್ನೊಂದು ಮಾರ್ಕ್ಸ್ ತಗೊಂಡವಳು ನಂಗೆ ಲೆಕ್ಕ ಹೇಳ್ಕೊಡ್ತೀಯಾ? ಹೋಗು, ಸರಿಯಾಗಿ ಅಳ್ಕೊಂಡು ಬಾ. ತಪ್ಪಾದ್ರೆ ವರ್ಷವಿಡೀ ಮೈದಾನದ ಕಡೆ ತಲೆ ಹಾಕ್ಬಾರ್ದು!”

ಹುಡುಗಿ ಹೋಗಿಯೇಬಿಟ್ಟಳು. ನನ್ನ ಸೈಕಲ್ಲನ್ನೇ ತೆಗೆದುಕೊಂಡು, ಮುಂದಿನ ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಸಾಲಿನ ಮೇಲೆ ಉರುಳಿಸಿಕೊಂಡು ಹೊರಟಳು. ಉಳಿದ ಇಪ್ಪತ್ತೆರಡು ಮಕ್ಕಳು ಕಿಟಕಿಗೆ ಜೋತುಬಿದ್ದು ಚಕ್ರದ ಸುತ್ತು ಎಣಿಸಿದರು. ಮೊದಲನೇ ಸಾಲು ತೊಂಬತ್ತೊಂದು ಸುತ್ತು. ನಾಲ್ಕನೇ ಸಾಲು, ಅದರ ಗುರುತಿನಿಂದ ಗುರಿಯವರೆಗೆ, ತೊಂಬತ್ತಾರು ದಾಟಿತು. ಒಂದೇ ಆಗಿರಬೇಕಾದದ್ದು ಐದು ಸುತ್ತು ಹೆಚ್ಚು. ಆ ಕ್ಲಾಸಿನಲ್ಲಿ ಅವತ್ತು ಎದ್ದ ಗಲಾಟೆ ಯಾವ ಪಂದ್ಯದಲ್ಲೂ ಎದ್ದಿರಲಿಲ್ಲ.

ಚಪ್ಪಲಿ ಬಿಟ್ಟು ನಾನೇ ಕೆಳಗಿಳಿದು ಮೂರು ಸಲ ಅಳೆದೆ. ಮೂರು ಸಲವೂ ಅಷ್ಟೇ. ಆ ಕಿಟಕಿಯ ಪಕ್ಕ ನಿಂತು ವರ್ಷ ವರ್ಷವೂ ಸುತ್ತಳತೆ ಪಾಠ ಮಾಡಿದವಳು ನಾನು. ಥೂ, ನನ್ನ ಲೆಕ್ಕಕ್ಕಿಷ್ಟು ಬೆಂಕಿ ಹಾಕ!

ಮೇಷ್ಟ್ರಿಗೆ ಹೇಳಿದರೆ, “ನನ್ನ ಹಗ್ಗದ ಸುದ್ದಿಗೆ ಬರ್ಬೇಡಿ ಮೇಡಂ!” ಅಂತ ಹಾರಾಡಿದರು. ಕುಳ್ಳಿ ಸೈಕಲ್ಲಿನ ಹ್ಯಾಂಡಲ್ ಅವರ ಕೈಗೆ ಕೊಟ್ಟಳು. ಒಂದು ಸುತ್ತು ಉರುಳಿಸಿ ಬಂದವರೇ ಹಗ್ಗ ಬಿಚ್ಚಿ ಗಂಟುಗಳನ್ನು ಒಂದೊಂದಾಗಿ ಎಣಿಸಿದರು. ಹದಿನಾಲ್ಕು ವರ್ಷದ ಹಿಂದೆ ಶಾಲೆಗೆ ದೊಡ್ಡ ಮೈದಾನವಿತ್ತು. ಅಲ್ಲಿ ಇನ್ನೂರು ಮೀಟರ್ ಓಟಕ್ಕೆ ಒಂದೇ ತಿರುವು. ಆ ಜಾಗ ಬಸ್ ಡಿಪೋ ಪಾಲಾಗಿ ಇಲ್ಲಿಗೆ ಬಂದಾಗ, ಇಷ್ಟು ಸಣ್ಣ ಜಾಗದಲ್ಲಿ ಅದೇ ಓಟಕ್ಕೆ ಎರಡು ತಿರುವಾದವು. ಹಗ್ಗದ ಗಂಟುಗಳು ಮಾತ್ರ ಹಳೆಯವೇ ಉಳಿದಿದ್ದವು. ಚೀಟಿ ಎತ್ತುವ ಕಾಲದಲ್ಲಿ ಆ ಅನ್ಯಾಯ ಯಾರ ಪಾಲಿಗೆ ಬೇಕಾದರೂ ಬೀಳುತ್ತಿತ್ತು. ಮೂರು ವರ್ಷದಿಂದ ಅದು ವಿಳಾಸ ಕೇಳಿಕೊಂಡು ಕಡಿಮೆ ಮಾರ್ಕ್ಸಿನವರ ಹತ್ತಿರವೇ ಹೋಗುತ್ತಿತ್ತು.

“ನಾನೇ ಸೋಲಿಸಿದ್ದಾ ಇವರನ್ನ?” ಅಂದರು ಮೇಷ್ಟ್ರು.

“ಹೌದು ಮೇಷ್ಟ್ರೇ, ನೀವೇ,” ಅಂದಳು ಕುಳ್ಳಿ. ದಾಕ್ಷಿಣ್ಯ ಅನ್ನುವುದು ಆ ಹುಡುಗಿಯ ರಕ್ತದಲ್ಲೇ ಇಲ್ಲ.

ಹೆಡ್‌ಮಾಸ್ಟರು ಆಫೀಸಿನ ಬಾಗಿಲು ಮುಂದೆ ಮಾಡಿ ಮೇಷ್ಟ್ರಿಗೆ ಮೆಲ್ಲಗೆ ಹೇಳಿದರು. “ಸದ್ದಿಲ್ದೆ ಗಂಟು ಸರಿಮಾಡ್ಕೊಂಡ್ಬಿಡಿ. ಇನ್ನೆರಡು ತಿಂಗಳಿಗೆ ನಿವೃತ್ತಿ. ಇಷ್ಟು ವರ್ಷದ ಹೆಸರು ಯಾಕೆ ಕೆಡಿಸ್ಕೋತೀರಿ?”

“ಕೆಡಲಿ ಬಿಡಿ. ಆ ಚಾರ್ಟ್ ಇಳಿಸ್ತೀರಾ?”

“ಚಾರ್ಟ್ ಇರ್ಲಿ. ಅದ್ರಿಂದ ಮಕ್ಕಳಿಗೆ ಉತ್ತೇಜನ...”

“ನಿಮ್ಮ ಉತ್ತೇಜನಾನ ಬಾವಿಗೆ ಹಾಕಿ!” ಅನ್ನುವುದು ಬಾಗಿಲು ದಾಟಿ ಆರನೇ ತರಗತಿಯವರೆಗೂ ಕೇಳಿಸಿತು.

ಕ್ರೀಡಾಕೂಟದ ದಿನ ತಂದೆ ತಾಯಂದಿರೆಲ್ಲ ಕೂತಿದ್ದರು. ಹೊಸ ಅಳತೆಯ ಗೆರೆ, ಸಾಲಿಗೆ ಮತ್ತೆ ಚೀಟಿ. ಫೇಲಾದ ಇಪ್ಪತ್ತಮೂರು ಮಕ್ಕಳ ಹೆಸರನ್ನು ಯಾರನ್ನೂ ಕೇಳದೆ ಮೇಷ್ಟ್ರೇ ಪಟ್ಟಿಗೆ ಸೇರಿಸಿದ್ದರು. ಓಟಕ್ಕೆ ಮೊದಲು ಮೈಕ್ ಹಿಡಿದರು.

“ಮೂರು ವರ್ಷದಿಂದ ಕಡಿಮೆ ಮಾರ್ಕ್ಸಿನ ಮಕ್ಕಳನ್ನ ನಾಲ್ಕನೇ ಸಾಲಲ್ಲಿ ನಾನು ಹನ್ನೊಂದೂವರೆ ಮೀಟರ್ ಜಾಸ್ತಿ ಓಡಿಸಿದ್ದೀನಿ. ತಪ್ಪು ನಂದು. ಆಫೀಸ್ ಮುಂದಿರೋ ಚಾರ್ಟ್ ಸುಳ್ಳು. ಅದನ್ನ ನೋಡ್ಕೊಂಡು ನಿಮ್ಮ ಮಕ್ಕಳ ಆಟ ಕಿತ್ಕೊಂಡಿದ್ದೂ...”

ಹೆಡ್‌ಮಾಸ್ಟರು ಕಣ್ಸನ್ನೆ ಮಾಡಿ ಮೈಕ್ ಆಫ್ ಮಾಡಿಸಿದರು. ಪಾಪ, ಆ ಗಂಟಲಿಗೆ ಮೈಕ್ ಯಾವತ್ತು ಬೇಕಾಗಿತ್ತು? ಉಳಿದ ಮಾತು ಇನ್ನೂ ಚೆನ್ನಾಗಿ ಕೇಳಿಸಿತು.

ಕುಳ್ಳಿ ಎರಡನೆಯವಳಾಗಿ ಬಂದಳು. “ನೋಡಿ, ಇಷ್ಟೆಲ್ಲ ಮಾಡಿದ್ರೂ ಮೊದಲು ಬರ್ಲಿಲ್ವಲ್ಲ,” ಅಂತ ಹೆಡ್‌ಮಾಸ್ಟರು ಪದಕ ಹಾಕಲು ಹೋದರು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು.

“ಇದು ಆಮೇಲೆ ಸಾರ್. ಮೊದಲು ಹೋದ ವರ್ಷದ್ದು ಕೊಡಿ.”

ಎಲ್ಲರೂ ನಕ್ಕರು. ಅವಳು ನಗಲಿಲ್ಲ, ಜಾಗ ಬಿಟ್ಟು ಕದಲಲೂ ಇಲ್ಲ. ಮೇಷ್ಟ್ರ ರಿಜಿಸ್ಟರಿನಲ್ಲಿ ಪ್ರತಿ ಓಟದ ಸೆಕೆಂಡುಗಳಿದ್ದವು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅವಳ ಕೈಗೇ ಪೆನ್ನು ಕೊಟ್ಟೆ. ಹೋದ ವರ್ಷ ಅವಳಿಗೆ ಮೂವತ್ತಮೂರು ಸೆಕೆಂಡು, ಆದರೆ ಓಡಿದ್ದು ಇನ್ನೂರ ಹನ್ನೊಂದೂವರೆ ಮೀಟರು. ಇನ್ನೂರಕ್ಕೆ ಇಳಿಸಿದರೆ ಮೂವತ್ತೊಂದು ಪಾಯಿಂಟ್ ಎರಡು. ಗೆದ್ದವಳದು ಮೂವತ್ತೊಂದು ಪಾಯಿಂಟ್ ಆರು. ಎರಡು ಕಡೆ ತಪ್ಪು ಮಾಡಿ, ಹೊಡೆದುಹಾಕಿ, ತಾನೇ ಬಿಡಿಸಿದಳು. ಕೊನೆಯ ಸಾಲು ಬರೆದು ಪೆನ್ನು ಕೆಳಗಿಟ್ಟಾಗ ಅವಳ ತಾಯಿ ಹಿಂದೆ ನಿಂತು ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ಆಟದ ಪೀರಿಯಡ್ಡಿನಲ್ಲಿ ಇನ್ನು ನಾನು ಪಾಠ ಮಾಡುವುದಿಲ್ಲ ಅಂತ ಮಾರನೇ ದಿನ ಬರೆದುಕೊಟ್ಟೆ. ಹೆಡ್‌ಮಾಸ್ಟರು ಮೆಮೋ ಕೊಟ್ಟರು. ಅದಕ್ಕೆ ಉತ್ತರ ಬರೆಯಲು ನನಗಿನ್ನೂ ಪುರುಸೊತ್ತಾಗಿಲ್ಲ. ತಂದೆ ತಾಯಂದಿರು ಗುಂಪು ಕಟ್ಟಿಕೊಂಡು ಬಂದು ಕೂತ ಮೇಲೆ ಆದೇಶ ತಾನಾಗಿ ಬಿದ್ದುಹೋಯಿತು. ಕುಳ್ಳಿ ಶಾಲೆ ಬಿಡಲಿಲ್ಲ. ಲೆಕ್ಕದಲ್ಲಿ ಈಗ ಇಪ್ಪತ್ತೊಂಬತ್ತು. ಪಾಸಾಗಿಲ್ಲ, ಸುಳ್ಳು ಯಾಕೆ ಹೇಳಲಿ.

ಮೇಷ್ಟ್ರು ಮಾತ್ರ ಅಲ್ಲಿಗೆ ನಿಲ್ಲಿಸಲಿಲ್ಲ. ರಿಜಿಸ್ಟರನ್ನೆಲ್ಲ ಹಿಡಿದು ಕೂತು ಮೂರು ವರ್ಷದ ಫಲಿತಾಂಶ ತಿದ್ದಿಸಿದರು. ಹದಿನಾಲ್ಕು ಮಕ್ಕಳ ಸ್ಥಾನ ಬದಲಾಯಿತು. ಅದರಲ್ಲಿ ನಾಲ್ವರು ಶಾಲೆ ಬಿಟ್ಟು ಹೋಗಿದ್ದರು. ನಿವೃತ್ತಿಯಾದ ಮಾರನೇ ದಿನವೇ ಆ ನಾಲ್ವರನ್ನು ಹುಡುಕಲು ಹೊರಟರು. “ಯಾಕ್ರೀ ಮೇಷ್ಟ್ರೇ, ಮನೇಲಿ ಹಾಯಾಗಿ ಮಲ್ಕೊಳ್ಳಿ” ಅಂದಿದ್ದಕ್ಕೆ, “ನೀವೂ ಬನ್ನಿ, ಲೆಕ್ಕ ಯಾರಾದ್ರೂ ಕೇಳಿದ್ರೆ ಹೇಳೋಕೆ ಬೇಕು” ಅಂದರು.

ಹೀಗೆ ನಾವಿಬ್ಬರೂ ಒಂದು ಬೇಕರಿಯ ಹಿಂಬದಿಗೆ ಹೋದೆವು. ಎರಡು ವರ್ಷದ ಹಿಂದೆ ಶಾಲೆ ಬಿಟ್ಟ ಹುಡುಗಿ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಬನ್ನಿಗೆ ಉಂಡೆ ಕಟ್ಟುತ್ತಿದ್ದಳು. ಮೇಷ್ಟ್ರು ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದರು. ನೀನು ಕೊನೆಯವಳಲ್ಲಮ್ಮ, ಎರಡನೆಯವಳು ಅಂತ ತಿದ್ದಿದ ಹಾಳೆ ಮುಂದಿಟ್ಟರು. ಅವಳು ಕೈ ಒರೆಸಿಕೊಂಡು ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಓದಿದಳು.

“ಜಾಸ್ತಿ ಓಡಿಸ್ತಿದ್ದೀರ ಅಂತ ನಂಗೆ ಗೊತ್ತಿತ್ತು ಮೇಷ್ಟ್ರೇ. ಎಷ್ಟು ಅಂತ ಗೊತ್ತಿರ್ಲಿಲ್ಲ.”

“ಗೊತ್ತಿದ್ರೆ ಹೇಳ್ಬೇಕಿತ್ತಲ್ಲಮ್ಮ!” ಅಂದೆ ನಾನು.

ಅವಳು ನನ್ನ ಕಡೆ ತಿರುಗಿದಳು. “ನಿಮಗೇ ಹೇಳಿದ್ದೆ ಟೀಚರ್. ಮೊದಲು ಲೆಕ್ಕ ಪಾಸ್ ಮಾಡು, ಆಮೇಲೆ ಗೆರೆ ಸರಿ ಇದ್ಯೋ ಇಲ್ವೋ ಹೇಳುವಿಯಂತೆ ಅಂದ್ರಿ.”

ನನಗೆ ನೆನಪಿರಲಿಲ್ಲ. ಆದರೆ ಅದು ನನ್ನದೇ ಮಾತು, ಅನುಮಾನವೇ ಬೇಡ.

ಹುಡುಗಿ ಹಾಳೆಯನ್ನು ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. “ಸರಿ. ನಾನು ಮತ್ತೆ ಶಾಲೆಗೆ ಸೇರ್ಕೊಳ್ಳೋಕೆ ಅರ್ಜಿ ತಂದಿದ್ದೀರಾ? ಇಲ್ಲ, ಬರೀ ಇದನ್ನೇ ತಂದಿದ್ದೀರಾ?”

ನಾವು ಬರೀ ಅದನ್ನೇ ತಂದಿದ್ದೆವು.